ದೇವರ ಹಲಗೆಯ ಮೇಲಿನ ರೋಟರ್

ನಮ್ಮ ಮನೆಯಲ್ಲಿ ಎರಡು ಕೋಣೆಗಳಿದ್ದವು. ಒಂದು ತಗಡಿನದು, ಇನ್ನೊಂದಕ್ಕೆ ಗಾಲಿಗಳಿದ್ದವು. ತಗಡಿನ ಕೋಣೆಯಲ್ಲಿ ಉಣ್ಣುವುದು, ಮಲಗುವುದು, ಜಗಳಾಡುವುದು, ಉಳಿದದ್ದೆಲ್ಲ ಜೀಪಿನಲ್ಲಿ. ಸಿನ್ನರಿನ ಆಚೆ ಕಾಲುವೆ ಕಟ್ಟುತ್ತಿದ್ದ ಕಾಲ ಅದು. ಬಾಗಲಕೋಟೆ ಕಡೆಯಿಂದ ಕಲ್ಲು ಮಣ್ಣಿನ ಕೆಲಸಕ್ಕೆ ಬಂದ ಸಂಸಾರಗಳ ಸಾಲು ಶೆಡ್ಡುಗಳಲ್ಲಿ ನಮ್ಮದು ಕಟ್ಟಕಡೆಯದು, ಯಾಕೆಂದರೆ ಜೀಪು ತಿರುಗಿಸಲು ಜಾಗ ಇದ್ದದ್ದು ಅಲ್ಲೇ. ಜೀಪು ಗುತ್ತಿಗೆದಾರನದು, ಅಪ್ಪ ಅದರ ಡ್ರೈವರ್. ಈ ಸಂಗತಿ ನನಗೂ ತಂಗಿ ಚಂದ್ರಿಗೂ ಬಹಳ ದಿನ ಗೊತ್ತಿರಲಿಲ್ಲ. ಬೆಳಿಗ್ಗೆ ಅಪ್ಪ ಜೀಪು ತೆಗೆದುಕೊಂಡು ಹೋದಾಗ ನಮ್ಮ ಮನೆ ಅರ್ಧವಾಗುತ್ತಿತ್ತು, ಸಂಜೆ ಮರಳಿದಾಗ ಪೂರ್ತಿಯಾಗುತ್ತಿತ್ತು. ಸ್ಟಿಯರಿಂಗಿನ ಮೇಲೆ ಪುಸ್ತಕ ಒರಗಿಸಿ ನಾನು ಮರಾಠಿ ಶಾಲೆಯ ಮಗ್ಗಿ ಉರುಹೊಡೆದೆ. ರಜೆಯ ದಿನ ಅವ್ವ ಬಾನೆಟ್ಟಿನ ಮೇಲೆ ಹಳೇ ಸೀರೆ ಹಾಸಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಮರುದಿನ ಅದರಲ್ಲಿ ಕೂತ ಸಾಹೇಬರು ದಾರಿಯುದ್ದಕ್ಕೂ ಸೀನುತ್ತಿದ್ದರಂತೆ. ಚಳಿಗಾಲದ ಸಂಜೆ ಜೀಪು ಬಂದು ನಿಂತ ಕೂಡಲೇ ಚಂದ್ರಿ ಓಡಿಹೋಗಿ ಬೆಚ್ಚಗಿನ ಬಾನೆಟ್ಟಿಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದಳು. ಎಂಜಿನ್ ಆರುತ್ತ ಒಳಗೆ ಟಿಕ್ ಟಿಕ್ ಎನ್ನುತ್ತಿರುತ್ತದಲ್ಲ, ಅದನ್ನು ಕೇಳಲು.

"ಅಣ್ಣಾ, ಗಾಡಿ ಉಣ್ಣಾಕತ್ತೈತಿ, ಕೇಳಿಲ್ಲೆ."

"ಏನ ಉಣ್ಣತೈತಿ?"

"ಫುಟಾಣಿ. ಕಟಂ ಕಟಂ ಅನ್ನತೈತಿ."

ಆಗ ಅವಳಿಗೆ ಐದು, ನನಗೆ ಎಂಟು. ಅವಳಿಗೆ ಕಿವಿ ಕೇಳುತ್ತಿತ್ತು ಎಂಬುದಕ್ಕೆ ಈಗ ಉಳಿದಿರುವ ಸಾಕ್ಷಿ ನಾನೊಬ್ಬನೇ.

ಅಪ್ಪನಿಗೊಂದು ಪದ್ಧತಿ ಇತ್ತು. ಸಂಜೆ ಜೀಪು ನಿಲ್ಲಿಸಿದ ಮೇಲೆ ಬಾನೆಟ್ ಎತ್ತುವನು. ಎಂಜಿನ್ನಿನ ಪಕ್ಕದಲ್ಲಿ ಬಟ್ಟಲು ಬೋರಲು ಹಾಕಿದಂಥ ಕರಿ ಮುಚ್ಚಳ, ಎರಡು ಕ್ಲಿಪ್ಪು. ಕ್ಲಿಪ್ಪು ಸರಿಸಿ ಮುಚ್ಚಳದ ಒಳಗಿನಿಂದ ಹೆಬ್ಬೆರಳಿನಷ್ಟು ದೊಡ್ಡ ಒಂದು ತುಂಡನ್ನು ಕೀಳುವನು. ಮೈ ಕಪ್ಪು, ನೆತ್ತಿಯ ಮೇಲೆ ಹಿತ್ತಾಳೆಯ ಪಟ್ಟಿ. ಅದೇ ರೋಟರ್. ಪೆಟ್ರೋಲ್ ಗಾಡಿಯಲ್ಲಿ ಅದು ಗಿರಗಿರ ತಿರುಗುತ್ತ ನಾಲ್ಕು ಪ್ಲಗ್ಗುಗಳಿಗೂ ಸರದಿಯಂತೆ ಕಿಡಿ ಬಡಿಸುತ್ತದೆ. ಅದೊಂದು ಇಲ್ಲದಿದ್ದರೆ ಯಾರು ಎಷ್ಟು ಚಾವಿ ತಿರುಗಿಸಿದರೂ ಗಾಡಿ ಕೆಮ್ಮುತ್ತದೆಯೇ ಹೊರತು ಏಳುವುದಿಲ್ಲ. ಸೈಟಿನ ಹುಡುಗರು ಕತ್ತಲಾದ ಮೇಲೆ ಜೀಪು ಕದ್ದು ದಾರೂ ತರಲು ಹೋಗುತ್ತಿದ್ದರೆಂದು ಅಪ್ಪ ಕಂಡುಕೊಂಡ ಉಪಾಯ ಇದು. ಕಿತ್ತ ರೋಟರನ್ನು ಅವನು ಮನೆಯೊಳಗೆ ತಂದು ದೇವರ ಹಲಗೆಯ ಮೇಲೆ ಇಡುತ್ತಿದ್ದ. ಹಲಗೆಯೂ ಸೈಟಿನದೇ, ಕಾಂಕ್ರೀಟ್ ಸುರಿಯಲು ಕಟ್ಟುವ ಸೆಂಟ್ರಿಂಗಿನದು. ಎಲ್ಲವ್ವನ ಫೋಟೊದ ಹಿಂದೆ ಒಣಗಿದ ಸಿಮೆಂಟು ಇನ್ನೂ ಅಂಟಿಕೊಂಡಿತ್ತು. ಮೊದಮೊದಲು ಇದರ ಬಗ್ಗೆ ಮನೆಯಲ್ಲಿ ದಿನಾ ಜಗಳ.

"ದೇವರ ಮಗ್ಗಲಕ ಗಾಡಿ ಸಾಮಾನಾ ಇಡತೀರೇನ್ರಿ? ಎಣ್ಣಿ ಹತ್ತಿದ್ದನ್ನ?"

"ನಿಮ್ಮ ಎಲ್ಲವ್ವ ಎಲ್ಲಾರನ್ನೂ ಕಾಯ್ತಾಳ ಅಂತೀಯಲ್ಲ, ಇದನ್ನೂ ಕಾಯಲಿ. ಪಗಾರ ಇಲ್ಲದ ವಾಚ್‌ಮನ್ ಆತು."

"ಬಾಯಿಗೆ ಹುಳಾ ಬೀಳ್ತಾವ ನಿಮಗ!"

ಬಯ್ದವಳು ಅವ್ವನೇ, ಸೋತವಳೂ ಅವ್ವನೇ. ಒಂದು ಶುಕ್ರವಾರ ಕುಂಕುಮ ಹಚ್ಚುತ್ತಿದ್ದ ಬೆರಳು ಸುಮ್ಮನೆ ರೋಟರಿನ ಕಡೆಗೂ ಹೋಯಿತು. ಗಾಡಿ ನಡೆದರೆ ತಾನೇ ಒಲೆ ಉರಿಯುವುದು. ಆಮೇಲೆ ಅರಿಶಿನ. ಆಮೇಲೆ ತಲೆಯ ಮೇಲೊಂದು ಚೆಂಡುಹೂವು. ವರ್ಷ ತುಂಬುವುದರೊಳಗೆ ರೋಟರ್ ನಮ್ಮ ಮನೆಯ ಕಡೇ ದೇವರಾಗಿತ್ತು. ಬೆಳಿಗ್ಗೆ ಅಪ್ಪ ಅದನ್ನು ಊದಿ, ಪಂಚೆಯ ತುದಿಯಿಂದ ಒರೆಸಿ, "ನಡಿಯವಾ ತಾಯಿ, ಡ್ಯೂಟಿ" ಎಂದು ಎತ್ತಿಕೊಂಡು ಹೋಗುವನು. ನಾವೆಲ್ಲ ನಗುತ್ತಿದ್ದೆವು. 

ನಾನು ಚಿಂತೆಯ ಮನುಷ್ಯ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗ್ಯಾಸಿನ ರೆಗ್ಯುಲೇಟರನ್ನು ಮೂರು ಸಲ ನೋಡಿ, ನೋಡಿದ್ದು ನಿಜವೇ ಎಂದು ನಾಲ್ಕನೆಯ ಸಲ ನೋಡುವವನು. ಕಸದ ಚೀಲವನ್ನು ಬಿಸಾಡುವ ಮೊದಲು ಅಲ್ಲಾಡಿಸಿ ಕಿವಿಗೊಟ್ಟು ಕೇಳುವವನು. ಸಿನ್ನರಿನ ಕಾರ್ಖಾನೆಯೊಂದರಲ್ಲಿ ಅಳತೆಯ ಗೇಜು ಹಿಡಿದು ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ನಾಸಿಕ್ ರೋಡಿನ ನಮ್ಮ ಮನೆಯಲ್ಲಿ ಹೆಂಡತಿ ಹೇಳುವ ಮಾತೊಂದಿದೆ:

"ಇವರಿಗೆ ಚಿಂತಿ ಇಲ್ಲದ ದಿನಾ ಬಂತಂದ್ರ, ಅವತ್ತ ಚಿಂತಿ ಎಲ್ಲಿ ಹೋತು ಅಂತ ಚಿಂತಿ ಮಾಡ್ತಾರ."

ಇಂಥ ನಾನು ಐವತ್ತು ದಾಟಿದ ಮೇಲೆ, ಏನೊಂದೂ ಪರೀಕ್ಷಿಸದೆ, ಒಂದು ಸತ್ತ ಜೀಪು ಕೊಂಡೆ. ಅವ್ವ ತೀರಿಕೊಂಡ ಮರುತಿಂಗಳು. ಅವಳ ಇಳಕಲ್ ಸೀರೆಯೊಂದನ್ನು ಚಂದ್ರಿಗೆ ಕೊಡಲೆಂದು ಎಸ್ಟಿ ಬಸ್ಸಿನಲ್ಲಿ ಸಂಭಾಜಿನಗರಕ್ಕೆ ಹೋಗಿದ್ದೆ. ಚಂದ್ರಿ ಓದಿದ್ದು ಅಲ್ಲಿನ ಕಿವುಡ ಮಕ್ಕಳ ಶಾಲೆಯಲ್ಲಿ, ಮದುವೆಯಾಗಿ ಉಳಿದದ್ದೂ ಅಲ್ಲೇ. ಗಂಡನಿಗೂ ಕಿವಿ ಕೇಳದು. ಗುಹೆಗಳ ಊರು ವೇರೂಳಿನಲ್ಲಿ ಪ್ರವಾಸಿಗಳಿಗೆ ಕಲ್ಲಿನ ಬೊಂಬೆ ಮಾರುವ ಅಂಗಡಿಯಲ್ಲಿ ಕೆಲಸ. ಇವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಅವಳ ಗಲ್ಲಿಗೆ ತಿರುಗುವ ಮೂಲೆಯ ಗುಜರಿಯಲ್ಲಿ, ಬೇವಿನ ಮರದ ಕೆಳಗೆ ಅದು ನಿಂತಿತ್ತು. ಟೈರಿಲ್ಲ, ಹುಡ್ಡಿಲ್ಲ, ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಅಪ್ಪ ಓಡಿಸುತ್ತಿದ್ದದ್ದೇ ಅಲ್ಲ, ಅಂಥದ್ದು, ಅಷ್ಟೇ. ಆದರೆ ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಬಿಸಿಲಿಗೆ ಕಾದ ತಗಡು ಬೆಚ್ಚಗಿತ್ತು, ಈಗಷ್ಟೇ ಯಾರೋ ಓಡಿಸಿಕೊಂಡು ಬಂದು ನಿಲ್ಲಿಸಿ ಒಳಗೆ ಹೋದ ಹಾಗೆ. ನಾನು ಸೀರೆಯ ಚೀಲ ಹಿಡಿದುಕೊಂಡೇ ಮಾತು ಮುಗಿಸಿದೆ. ಮೋಟರ್ ಸೈಕಲ್ ಕೊಳ್ಳಲೆಂದು ಎತ್ತಿಟ್ಟದ್ದು ಅದಕ್ಕೆ ಸರಿಹೋಯಿತು. ಹೆಂಡತಿ ಫೋನಿನಲ್ಲಿ "ಓಡತೈತೇನು?" ಎಂದಳು. "ಓಡಸ್ತೇನಿ" ಎಂದೆ. "ನಿಮ್ಮಷ್ಟಕ್ಕ ನೀವ ಒಂದ ಸಲಾ ಓಡ್ರಿ ಮೊದಲ" ಎಂದು ಇಟ್ಟಳು.

ಅದನ್ನು ಎಬ್ಬಿಸಿದವರು ಅದೇ ಗಲ್ಲಿಯ ಹಿಂದಿನ ಗ್ಯಾರೇಜಿನ ಚಾಚಾ. ಎಪ್ಪತ್ತರ ಮೇಲಿನ ಮುದುಕರು, ಒಂದು ಕಣ್ಣಿಗೆ ಪೊರೆ, ಆದರೂ ಬೋಲ್ಟನ್ನು ಬೆರಳಲ್ಲೇ ಓದುವವರು. ಪ್ರತಿ ಶನಿವಾರ ನಾನು ಯೇವಲೆ, ವೈಜಾಪುರ ದಾಟಿ ಬಸ್ಸಿನಲ್ಲಿ ಬಂದು ಭಾನುವಾರ ಸಂಜೆ ಹಿಂದಿರುಗುತ್ತಿದ್ದೆ. ಹೊಸದೇನನ್ನೂ ಕೊಳ್ಳಬಾರದು ಎಂಬುದು ನಮ್ಮ ಕರಾರು. ತುಕ್ಕು ತಿಂದ ನೆಲಕ್ಕೆ ಹಳೇ ಕಪಾಟಿನ ತಗಡು ಬಂತು. ರೇಡಿಯೇಟರನ್ನು ಚಾಚಾ ತಾವೇ ಕುದಿಸಿ ಬೆಸೆದರು. ಗಾಲಿಗಳ ಮೇಲಿನ ಪಾಟಾಗಳನ್ನು, ಅಂದರೆ ಸ್ಪ್ರಿಂಗ್ ಪಟ್ಟಿಗಳನ್ನು, ಒಂದೊಂದಾಗಿ ಬಿಚ್ಚಿ, ಮುರಿದ ಎರಡರ ಬದಲಿಗೆ ಇನ್ನಾವುದೋ ಗಾಡಿಯದನ್ನು ಕತ್ತರಿಸಿ ಕೂಡಿಸಿದರು. ಬ್ರೇಕಿನ ಡ್ರಮ್ಮು ಒಂದು ಕಡೆ ಸಿಕ್ಕರೆ ಅದರ ಲೈನರ್ ಇನ್ನೊಂದು ಗುಜರಿಯಲ್ಲಿ. ನಾನು ಗೇಜು ಹಿಡಿದು ಸಂದುಗಳನ್ನು ಅಳೆಯುತ್ತ ಅವರ ತಲೆ ತಿನ್ನುತ್ತಿದ್ದೆ. ಇದು ಗಡಿಯಾರವಲ್ಲ, ಸ್ವಲ್ಪ ಅಲ್ಲಾಡುತ್ತದೆ, ನೀವೂ ಅಲ್ಲಾಡುತ್ತೀರಲ್ಲ ಎಂದು ಅವರು ನಗುತ್ತಿದ್ದರು:

"ಸಾಬ್, ಏ ಜೀಪ್ ಹೈ, ಘಡಿ ನಹೀ. ಥೋಡಾ ಹಿಲೇಗಾ. ಆಪ್ ಭೀ ತೋ ಹಿಲ್ತೇ ಹೈ."

ಒಂದೊಂದು ಭಾಗ ಎದ್ದಾಗಲೂ ನಮ್ಮ ಶೆಡ್ಡಿನ ಒಂದೊಂದು ಮೂಲೆ ಎದ್ದು ನಿಲ್ಲುತ್ತಿತ್ತು. ಹಿಂದಿನ ಸೀಟಿನ ಚೌಕಟ್ಟಿಗೆ ಬಣ್ಣ ಬಳಿದ ದಿನ ಅವ್ವ ಅಲ್ಲಿ ಕೂತು ಮೆಂತ್ಯ ಸೋಸುತ್ತಿದ್ದ ಭಂಗಿ ಕಂಡಿತು. ನಾಲ್ಕೂ ಗಾಲಿಗೆ ಎಂಜಿನ್ ಜೋಡಿಸುವ ಸಣ್ಣ ಲಿವರಿಗೆ ಎಣ್ಣೆ ಬಿಟ್ಟಾಗ ಹಿಂದೆಯೇ ನಿಂತು ಯಾರೋ "ಮುಟ್ಟಬ್ಯಾಡಲೇ" ಎಂದ ಹಾಗಾಯಿತು. ನಾನು ನಿಜಕ್ಕೂ ಕೈ ಹಿಂದಕ್ಕೆಳೆದುಕೊಂಡೆ. ಚಾಚಾ ನೋಡಿ ನಕ್ಕರು. ಚಂದ್ರಿ ದಿನಕ್ಕೊಮ್ಮೆ ಗ್ಯಾರೇಜಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಜೀಪಿಗೆ ಒಂದು ಸುತ್ತು ಹಾಕಿ ಹೋಗುತ್ತಿದ್ದಳು. ನಾಸಿಕದ ದ್ರಾಕ್ಷಿ ಪೇಟೆಯಲ್ಲಿ ಸಿಕ್ಕ ಹಳೇ ತಾಡಪಾಲನ್ನು ಒಯ್ದುಕೊಟ್ಟೆ. ಅವಳು ಅಳತೆ ತೆಗೆದುಕೊಂಡು ಹುಡ್ಡು ಹೊಲಿದಳು, ಎರಡೆರಡು ಹೊಲಿಗೆ ಹಾಕಿ. ನಮ್ಮ ನಡುವಿನ ಭಾಷೆ ಮೂರು ಥರದ್ದು. ಮನೆಯಲ್ಲಿ ಅವ್ವನೇ ಹುಟ್ಟಿಸಿದ ಕೈಸನ್ನೆಗಳು. ಮೊಬೈಲಿನಲ್ಲಿ ಮರಾಠಿ, ಅವಳು ಬರೆದದ್ದನ್ನು ಇಲ್ಲಿ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೂರನೆಯದು ಅವಳ ಬಾಯಲ್ಲಿ ಉಳಿದ ಒಂದಿಪ್ಪತ್ತು ಕನ್ನಡ ಮಾತುಗಳು. ಅಣ್ಣಾ. ನೀರ. ಬ್ಯಾಡ. ಉರಿ, ಅಂದರೆ ಜ್ವರ. ಐದನೆಯ ವರ್ಷಕ್ಕೆ ನಿಂತುಹೋದ ಕನ್ನಡ ಅದು, ಆಗಿನದೇ ತೊದಲು. ತಲೆಗೂದಲು ನೆರೆತ ಹೆಂಗಸಿನ ಬಾಯಿಂದ ಆ ಮಗುವಿನ ದನಿ ಬಂದಾಗ ಗೊತ್ತಿಲ್ಲದವರು ತಿರುಗಿ ನೋಡುತ್ತಾರೆ. ನಾನು ನೆಲ ನೋಡುತ್ತೇನೆ.

ಎಂಜಿನ್ನಿನ ಸರದಿ ಬಂದ ಭಾನುವಾರ ಚಾಚಾ ಆ ಕರಿ ಮುಚ್ಚಳದ ಕ್ಲಿಪ್ಪು ಸರಿಸಿದರು. ಒಳಗೆ ಬೆರಳಾಡಿಸಿ ನನ್ನ ಕಡೆ ತಿರುಗಿದರು.

"ಸಾಬ್, ರೋಟರ್ ಗಾಯಬ್ ಹೈ. ಕೋಯೀ ನಿಕಾಲ್ ಕೇ ಲೇ ಗಯಾ."

ರೋಟರ್ ಇಲ್ಲ, ಯಾರೋ ಕಿತ್ತು ಒಯ್ದಿದ್ದಾರೆ ಎಂದದ್ದೇ ನಾನು ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟೆ. ಚಾಚಾ ನೀರು ತರಿಸಿದರು. ಅದು ಸಿಗುತ್ತದೆ ಸಾಬ್, ಸಣ್ಣ ಸಾಮಾನು, ನಾನು ಕೊಡಿಸುತ್ತೇನೆ ಎಂದು ಸಮಾಧಾನ ಮಾಡಿದರು. ಗುಜರಿಯ ಗಾಡಿಯಲ್ಲಿ ರೋಟರ್ ಇಲ್ಲದಿರುವುದು ಏನೇನೂ ವಿಶೇಷವಲ್ಲ ಎಂದು ನನಗೂ ಗೊತ್ತಿತ್ತು.

ನನ್ನ ಎಂಟನೆಯ ವರ್ಷ, ಕಾಲುವೆಯ ಕ್ಯಾಂಪಿನಲ್ಲಿ ಅವತ್ತು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ಜನ ಕೆಲಸಕ್ಕೆ ಹೋಗುವುದಿಲ್ಲ. ಸೈಟಿನ ಲಾರಿಗಳು ಬೆಳಿಗ್ಗೆಯೇ ಎಲ್ಲರನ್ನೂ ಹೇರಿಕೊಂಡು ಸಂತೆಗೆ ಹೋಗಿದ್ದವು. ಚಂದ್ರಿಗೆ ಎರಡು ದಿನದಿಂದ ಜ್ವರ. ಹೋಗದೆ ಉಳಿದವರು ನಾವು, ಮತ್ತು ಪಕ್ಕದ ಶೆಡ್ಡಿನ ಯಮನಪ್ಪ. ಅವ್ವ ತಲೆಗೆ ನೀರೆರೆದುಕೊಂಡು ಬಂದು ಮಗಳ ಸಲುವಾಗಿ ಅವಸರದಲ್ಲಿ ಪೂಜೆಗೆ ಕೂತಳು. ಅಮಾವಾಸ್ಯೆಗೆ ದೇವರ ಹಲಗೆಯನ್ನು ಪೂರ್ತಿ ಬರಿದು ಮಾಡಿ ತೊಳೆಯಬೇಕು. ತಿಂಗಳಿಡೀ ಕೂಡಿದ ಒಣ ಹೂವು, ಅಕ್ಕಿಕಾಳು, ಕರ್ಪೂರದ ಮಸಿ ಎಲ್ಲವೂ ನಿರ್ಮಾಲ್ಯ. ಅದನ್ನು ತಿಪ್ಪೆಗೆ ಹಾಕುವಂತಿಲ್ಲ, ಕಾಲಿಗೆ ತಾಗುವಂತಿಲ್ಲ, ಹರಿಯುವ ನೀರಿಗೇ ಬಿಡಬೇಕು. ಬಿಟ್ಟುಬರುವುದು ನನ್ನ ಕೆಲಸ. ಅವ್ವ ಎರಡೂ ಕೈಯಿಂದ ಬಳಿದು, ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ತಿರುಗಿ ನೋಡದೆ ನನ್ನ ಕೈಗಿಟ್ಟಳು. ಚಂದ್ರಿ ಒಳಗೆ ನರಳುತ್ತಿದ್ದಳು. ನಾನು ಆಗಲೇ ನೀರು ಬಿಟ್ಟಿದ್ದ ಹೊಸ ಕಾಲುವೆಯ ಮೆಟ್ಟಿಲಿಗೆ ಹೋಗಿ, ಕಣ್ಣು ಮುಚ್ಚಿ ಎಂದಿನಂತೆ ಗಂಟನ್ನು ಬಿಚ್ಚಿ ನೀರಿಗೆ ಬಿಟ್ಟೆ.

ಬುಳಕ್ ಎಂದಿತು.

ಹೂವು ಬಿದ್ದರೆ ಸದ್ದಾಗುವುದಿಲ್ಲ. ಹೂವು ನೀರಿನ ಮೇಲೆ ಕೂರುತ್ತದೆ, ಯೋಚಿಸುತ್ತದೆ, ಆಮೇಲೆ ಹೊರಡುತ್ತದೆ. ಇದು ಯೋಚಿಸಲಿಲ್ಲ. ಅಡಿಕೆ ಇರಬೇಕು ಎಂದುಕೊಂಡೆ. ನೀರು ನನ್ನ ಮೊಳಕಾಲಿನಷ್ಟಿತ್ತು. ಅಡಿಕೆಯೇ ಎಂದು ಇನ್ನೊಮ್ಮೆ ಹೇಳಿಕೊಂಡು, ಕಲ್ಲೆಸೆದು ಆಡುತ್ತ, ತಡಮಾಡಿಯೇ ಮನೆಗೆ ಬಂದೆ.

ಬರುವಷ್ಟರಲ್ಲಿ ಚಂದ್ರಿಯ ಕುತ್ತಿಗೆ ಸೆಟೆದಿತ್ತು, ಕಣ್ಣು ಮೇಲಾಗಿದ್ದವು. ಅಪ್ಪ ಅವಳನ್ನು ತಂದು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಒಳಗೆ ಓಡಿ ಹಲಗೆಗೆ ಕೈ ಹಾಕಿದ. ಹಲಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಎಲ್ಲವ್ವನಿಗೆ ಹೊಸ ಹೂವು.

"ಎಲ್ಲಿ ಅದು?"

ಅವ್ವ ಹಲಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಆ ನೋಟವನ್ನು ನಾನು ಎಷ್ಟು ಥರ ಬಿಚ್ಚಿ ನೋಡಿದ್ದೇನೋ ಲೆಕ್ಕವಿಲ್ಲ. ಹೇಳು ಎಂದಳೇ? ಹೇಳಬೇಡ ಎಂದಳೇ? ಅಥವಾ ಬರೀ ಬಾಗಿಲ ಕಡೆ ನೋಡಿದ ಕಣ್ಣಿಗೆ ನಾನು ಅಡ್ಡ ಬಂದೆನೇ? ಒಂದು ಮಾತು ಸಾಕಿತ್ತು. ಓಡಿಹೋಗಿ ಮೊಳಕಾಲು ನೀರಿನಲ್ಲಿ ಕೈಯಾಡಿಸಿದ್ದರೆ ಸಿಗುತ್ತಿತ್ತು.  ಅಪ್ಪನ ಸೊಂಟದ ಬೆಲ್ಟು ನನ್ನ ಕಣ್ಣಿನ ಮಟ್ಟಕ್ಕೆ ಇತ್ತು. ನಾನು ಸುಮ್ಮನೆ ನಿಂತೆ, ಅವ್ವನೂ ಸುಮ್ಮನೆ ನಿಂತಳು.

ಅಪ್ಪ ಸೆಂಟ್ರಿಂಗ್ ಕಟ್ಟಿಗೆಯ ಚೂರನ್ನು ಕೆತ್ತಿದ. ಅದಕ್ಕೆ ತಾಮ್ರದ ತಂತಿ ಸುತ್ತಿ ಮುಚ್ಚಳದೊಳಗೆ ಕೂರಿಸಿದ. ಚಾವಿ ತಿರುಗಿಸಿದ. ಗಾಡಿ ಕೆಮ್ಮಿತು. ತೆಗೆದು ಇನ್ನೊಂದಿಷ್ಟು ಕೆತ್ತಿದ. ಮತ್ತೆ ಕೆಮ್ಮಿತು. ಖರ್ರ್, ಖರ್ರ್, ಖರ್ರ್. ಹಿಂದಿನ ಸೀಟಿನಲ್ಲಿ ಚಂದ್ರಿ ಒಮ್ಮೆ ಕಣ್ಣು ತೆರೆದು ಏನೋ ಅಂದಳು, ಯಾರಿಗೂ ಕೇಳಲಿಲ್ಲ. ಬ್ಯಾಟರಿ ಸಾಯುವವರೆಗೆ ಅಪ್ಪ ತಿರುಗಿಸಿದ, ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ತಿರುವಿದ, ಆಮೇಲೆ ಸ್ಟಿಯರಿಂಗಿಗೆ ಹಣೆ ಬಡಿದುಕೊಂಡ. ಕೊನೆಗೆ ಯಮನಪ್ಪ ಹೊಲದ ದಾರಿಯಲ್ಲಿ ಓಡಿಹೋಗಿ ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರನ್ನು ನಿಲ್ಲಿಸಿ ಕರೆತಂದ. ಉಳ್ಳಾಗಡ್ಡಿಯ ಮೂಟೆಗಳ ಮೇಲೆ ಚಂದ್ರಿ ಸಿನ್ನರಿಗೆ ಹೋದಳು, ಅಲ್ಲಿಂದ ನಾಸಿಕಕ್ಕೆ. ಜೀವ ಉಳಿಯಿತು, ಕಿವಿ ಹೋಯಿತು. ಹೊತ್ತಾದದ್ದರ ಬಗ್ಗೆ ಡಾಕ್ಟರು ಒಂದು ಮಾತೂ ಆಡಲಿಲ್ಲ. ಅದನ್ನು ಆಡಿದವನು ಅಪ್ಪ, ಜೀವನಪೂರ್ತಿ.

"ಒಂದು ತಾಸು ಮೊದಲ ಮುಟ್ಟಿದ್ರ..."

ವಾಕ್ಯವನ್ನು ಮುಗಿಸುತ್ತಿರಲಿಲ್ಲ. ರೋಟರನ್ನು ಯಮನಪ್ಪನೇ ಕದ್ದನೆಂದು ಅಪ್ಪ ಸಾಯುವವರೆಗೂ ನಂಬಿದ್ದ. ಅವತ್ತು ಕ್ಯಾಂಪಿನಲ್ಲಿ ಉಳಿದಿದ್ದ ಬೇರೆ ಗಂಡಸು ಅವನೊಬ್ಬನೇ ತಾನೇ. ಒಂದೇ ತಾಟಿನಲ್ಲಿ ರೊಟ್ಟಿ ಜುಣಕ ಉಂಡವರು ಕ್ಯಾಂಪಿನ ನಡುವೆ ಹೊಡೆದಾಡಿದರು.

"ಟ್ರ್ಯಾಕ್ಟರ್ ತಂದಾವ ನಾನಪಾ! ಕದ್ದಾವ ತರ್ತಾನೇನು?"

"ಕದ್ದಾವನ ತರ್ತಾನ! ಪಾಪಾ ತೊಳಕೊಳ್ಳಾಕ!"

ಆ ವಾರವೇ ಯಮನಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ಸೈಟಿಗೆ ಹೊರಟುಹೋದ. ನಾನು ಅವನ ಗಂಟುಮೂಟೆ ಹೊರಲು ಸಹಾಯ ಮಾಡಿದೆ. ಅವನು ನನ್ನ ತಲೆ ಸವರಿ "ಶಾಣ್ಯಾ ಹುಡುಗ" ಎಂದ. ನನ್ನನ್ನು ಯಾರಾದರೂ ಹೊಗಳಿದರೆ ಇವತ್ತಿಗೂ ಎದ್ದು ಹೊರಗೆ ಹೋಗಿಬಿಡುತ್ತೇನೆ.

ಅವ್ವ ಮತ್ತು ನಾನು ಆ ವಿಷಯ ಆಡಲೇ ಇಲ್ಲ. ಆದರೆ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿತ್ತು. ಆಮೇಲಿನ ಪ್ರತಿ ಅಮಾವಾಸ್ಯೆ ಅವಳು ನಿರ್ಮಾಲ್ಯವನ್ನು ನೆಲಕ್ಕೆ ಹರವಿ ಒಂದೊಂದೇ ಹೂವನ್ನು ಬಿಡಿಸಿ, ಎಸಳು ಎಸಳಾಗಿ ತಡವಿ ನೋಡಿ, ಆಮೇಲೆ ಕಟ್ಟುತ್ತಿದ್ದಳು. ಕ್ಯಾಂಪು ಬಿಟ್ಟು ನಾಸಿಕ್ ರೋಡಿಗೆ ಬಂದ ಮೇಲೂ, ಸೊಸೆ ಬಂದ ಮೇಲೂ. ಸೊಸೆ ಕೇಳುತ್ತಿದ್ದಳು:

"ಅತ್ತೀ, ಏನ ಹುಡುಕತೀರಿ ಅಮಾಸಿ ಅಮಾಸಿಗೆ?"

"ಏನಿಲ್ಲವಾ. ಹುಳಾ ಇರತಾವ."

ನಾನು ಆಚೆ ಕೋಣೆಯಲ್ಲಿ ಪೇಪರ್ ಓದುತ್ತಿದ್ದೆ. ಒಂದೇ ಸಾಲನ್ನು. ಅವ್ವನ ಕೊನೆಯ ವರ್ಷ ಚಂದ್ರಿ ನಾಸಿಕಕ್ಕೆ ಬರಲಿಲ್ಲ. ಮದುವೆ ಸೀಸನ್, ಹೊಲಿಗೆ ಬಹಳ ಎಂದು ಬರೆಯುತ್ತಿದ್ದಳು. ಅವ್ವ ಹಾಸಿಗೆ ಹಿಡಿದಾಗಲೂ ಬಂದದ್ದು ಕೊನೆಯ ದಿನ, ಮಾತು ನಿಂತ ಮೇಲೆ. ಮದುವೆ ಸೀಸನ್ ವರ್ಷಪೂರ್ತಿ ಇರುವುದಿಲ್ಲ ಎಂಬಷ್ಟು ಲೆಕ್ಕ ನನ್ನಂಥ ಚಿಂತೆಯ ಮನುಷ್ಯನಿಗೆ ಯಾಕೆ ಹೊಳೆಯಲಿಲ್ಲವೋ.

ಚಾಚಾ ಮರುವಾರ ರೋಟರ್ ತಂದುಕೊಟ್ಟರು. ಬೇರೆ ಗಾಡಿಯದು, ಹಿತ್ತಾಳೆ ಸ್ವಲ್ಪ ಸುಟ್ಟಿತ್ತು. ಉಪ್ಪುಕಾಗದದಿಂದ ಉಜ್ಜಿ ಕೂರಿಸಿದರು. ಚಾವಿ ತಿರುಗಿಸಿದಾಗ ಒಮ್ಮೆ ಕೆಮ್ಮಿ, ಹೊಗೆಯುಗುಳಿ, ಜೀಪು ಎದ್ದಿತು. ಇಡೀ ಗಲ್ಲಿಯ ಮಕ್ಕಳು ಕೂಗಿದರು. ಚಾಚಾ "ಬಿಸ್ಮಿಲ್ಲಾ" ಎಂದು ಬಾನೆಟ್ ತಟ್ಟಿದರು. ನನಗೆ ಅಳು ಬಂತು, ಅದನ್ನು ಹೊಗೆಯ ಮೇಲೆ ಹಾಕಿದೆ. ನನ್ನ ಯೋಜನೆ ಬಹಳ ದಿನದ್ದು. ಭಾನುವಾರ ಬೆಳಿಗ್ಗೆ ಚಂದ್ರಿಯ ಬಾಗಿಲಿಗೆ ಒಯ್ಯುವುದು. ಅವಳು ಹೊಲಿದ ಹುಡ್ಡಿನ ಕೆಳಗೆ ಅವಳನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ವೇರೂಳಿಗೆ ಹೋಗಿ ದೇವರಿಗೆ ಕಾಯಿ ಒಡೆಸುವುದು. ಬರುವಾಗ ಎಲ್ಲಾದರೂ ನೆರಳಿನಲ್ಲಿ ನಿಲ್ಲಿಸಿ, ಹೇಳಿಬಿಡುವುದು. ಹೇಳದೆ ಆ ಜೀಪಿನಲ್ಲಿ ಅವಳನ್ನು ಮನೆಗೆ ಮರಳಿ ಬಿಡಬಾರದು ಎಂದು ಎಲ್ಲವ್ವನ ಮೇಲೆ ಆಣೆ ಹಾಕಿಕೊಂಡಿದ್ದೆ. ಓಡುವ ಗಾಡಿಯೊಂದನ್ನು ಮುಂದೆ ಹಿಡಿದುಕೊಂಡರೆ ಓಡದ ಗಾಡಿಯ ಮಾತು ಹಗುರಾದೀತು ಎಂಬ ಲೆಕ್ಕಾಚಾರ. ಲಂಚವೆಂದರೂ ತಪ್ಪಿಲ್ಲ.

ಚಂದ್ರಿ ಅಂಗಳದಲ್ಲಿ ಬಕೆಟ್ಟಿನಲ್ಲಿ ನೀರು, ಅರಿಶಿನ ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದಳು. ಗಂಡ ಒಳಗೆ ಸ್ನಾನಕ್ಕೆ ಹೋಗಿದ್ದ. ನಾನು ಎಂಜಿನ್ ನಿಲ್ಲಿಸಿ ಇಳಿದೆ. ಅವಳು ಜೀಪಿನ ಸುತ್ತ ಒಂದು ಸುತ್ತು ಬಂದು, ಯಾರೂ ಹೇಳಿಕೊಡದೆ, ಬಾಗಿ ಬೆಚ್ಚಗಿನ ಬಾನೆಟ್ಟಿಗೆ ಕೆನ್ನೆ ಹಚ್ಚಿ ನಿಂತಳು. ಒಳಗೆ ಟಿಕ್ ಟಿಕ್ ಎನ್ನುತ್ತಿತ್ತು. ನನಗೆ ಕೇಳುತ್ತಿತ್ತು. ವೇರೂಳಿನವರೆಗೆ ಕಾಯಲು ನನ್ನಿಂದ ಆಗಲಿಲ್ಲ.

ಅವಳನ್ನು ಮೆಲ್ಲಗೆ ಸರಿಸಿ ಬಾನೆಟ್ ಎತ್ತಿದೆ. ಕ್ಲಿಪ್ಪು ತೆಗೆದು ರೋಟರ್ ಕಿತ್ತು ಅವಳಿಗೆ ತೋರಿಸಿದೆ. ಅವಳ ಮುಖ ಬಿಗಿದುಕೊಂಡಿತು. ನಾನು ಸನ್ನೆ ಮಾಡಿದೆ: ಅವ್ವ, ಅಂದರೆ ಮೂಗುತಿಯ ಜಾಗಕ್ಕೆ ಬೆರಳು. ದೇವರ ಹಲಗೆ. ಹೂವು. ಗಂಟು. ಆಮೇಲೆ ನನ್ನ ಎದೆ ತಟ್ಟಿಕೊಂಡೆ: ನಾನು. ಕಾಲುವೆ. ಬಿಟ್ಟೆ. ಅಷ್ಟಕ್ಕೆ ಕೈ ನಿಂತುಹೋಯಿತು. ನನಗೆ ಕೇಳಿಸಿತ್ತು, ಕೇಳಿಸಿಯೂ ಸುಮ್ಮನಿದ್ದೆ ಎಂಬುದನ್ನು ಹೇಳಬೇಕಿತ್ತು. ಬುಳಕ್ ಎಂಬ ಸದ್ದನ್ನು ಕೈಯಲ್ಲಿ ಹೇಳುವುದು ಹೇಗೆ? ನಮ್ಮ ಅವ್ವ ಅದಕ್ಕೆ ಸನ್ನೆ ಹುಟ್ಟಿಸಿರಲಿಲ್ಲ. ನಾನು ರೋಟರನ್ನು ಬಕೆಟ್ಟಿನ ಮೇಲೆ ಹಿಡಿದು ಬಿಟ್ಟೆ. ಮತ್ತೆ ನನ್ನ ಕಿವಿ ಮುಟ್ಟಿಕೊಂಡೆ. ಬಾಯಿಯ ಮೇಲೆ ಕೈಯಿಟ್ಟುಕೊಂಡೆ.

ಅವಳು ನೀರಿನ ಉಂಗುರಗಳು ಅಂಚಿಗೆ ಬಡಿದು ನಿಲ್ಲುವವರೆಗೂ ನೋಡಿದಳು. ಆಮೇಲೆ ಮೊಬೈಲ್ ತೆಗೆದು ಬಹಳ ಹೊತ್ತು ಬರೆದಳು.

"ಸಾಯುವ ಒಂದು ವರ್ಷ ಮೊದಲು ಅವ್ವ ನನಗೆ ಹೇಳಿದಳು. ತಾನೇ ಕಾಲುವೆಗೆ ಹೋಗಿ ತಾನೇ ಹಾಕಿ ಬಂದೆ ಎಂದು. ಅಣ್ಣ ಶಾಲೆಗೆ ಹೋಗಿದ್ದ ಎಂದು. ಅದಕ್ಕೇ ನಾನು ಆಮೇಲೆ ಬರಲಿಲ್ಲ."

ಓದಿದೆ. ಇನ್ನೊಮ್ಮೆ ಓದಿದೆ. ನಲವತ್ತು ವರ್ಷ ಬಿಚ್ಚಲಾಗದ ಆ ನೋಟ ಆ ನಾಲ್ಕು ಸಾಲಿನಲ್ಲಿ ಬಿಚ್ಚಿಕೊಂಡಿತು. ಹೇಳಬೇಡ ಎಂದಿದ್ದಳು. ನನ್ನ ಪಾಲನ್ನೂ ತಾನೇ ಎತ್ತಿಕೊಂಡಿದ್ದಳು. ಅದರ ಕೂಲಿಯಾಗಿ ಮಗಳ ಮುಖ ನೋಡದೆ ಒಂದು ವರ್ಷ ಕಳೆದಿದ್ದಳು, ನಾನು ಆಚೆ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾಗ.

ಚಂದ್ರಿ ತೋಳೇರಿಸಿ ಬಕೆಟ್ಟಿಗೆ ಕೈ ಹಾಕಿದಳು. ರೋಟರನ್ನು ಎತ್ತಿ ಸೆರಗಿನಿಂದ ಒರೆಸಿದಳು. ನನಗೆ ಕೊಡುತ್ತಾಳೆಂದು ಕೈ ಚಾಚಿದೆ, ಕೊಡಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು, ಬಾನೆಟ್ ಇಳಿಸಿ, ಅದರ ಮೇಲೆ ಇನ್ನೊಂದು ಅಂಗೈ ಊರಿ, ಗದ್ದದಿಂದ ಸೀಟು ತೋರಿಸಿದಳು. ಹತ್ತು. ತಿರುಗಿಸು.

ಏಳುವುದಿಲ್ಲ ಎಂದು ತಲೆಯಾಡಿಸಿದೆ. ಗೊತ್ತು ಎಂದು ತಲೆಯಾಡಿಸಿದಳು.

ಚಾವಿ ತಿರುಗಿಸಿದೆ. ಖರ್ರ್, ಖರ್ರ್, ಖರ್ರ್. ಬಿಟ್ಟೆ. ಮತ್ತೆ ಎಂದಳು. ಅಷ್ಟು ತಿಂಗಳು ಬಸ್ಸಿನಲ್ಲಿ ತಿರುಗಿ, ಕಪಾಟಿನ ತಗಡು ಬೆಸೆದು ನಾನು ಅವಳಿಗೆಂದು ತಂದದ್ದು ಓಡುವ ಜೀಪು. ಅವಳಿಗೆ ಬೇಕಿದ್ದದ್ದು ಏಳದ ಜೀಪು. ಖರ್ರ್, ಖರ್ರ್. ಅವಳ ಅಂಗೈಯ ಕೆಳಗೆ ಬಾನೆಟ್ ನಡುಗುತ್ತಿತ್ತು, ಕಣ್ಣು ಮುಚ್ಚಿದ್ದವು. ಐದನೆಯದೋ ಆರನೆಯದೋ ಸಲ ಅವಳು ಆ ಹಳೆಯ ಮಗುವಿನ ದನಿಯಲ್ಲಿ, ಸ್ಪಷ್ಟವಾಗಿ ಅಂದಳು:

"ಅಣ್ಣಾ, ಗಾಡಿಗೂ ಉರಿ ಬಂದೈತಿ."

ಅವತ್ತು ಹಿಂದಿನ ಸೀಟಿನಲ್ಲಿ, ಯಾರಿಗೂ ಕೇಳದ ಹಾಗೆ ಅವಳು ಅಂದದ್ದು ಅದೇ ಇರಬೇಕು. ಅವಳು ಕೇಳಿದ ಕೊನೆಯ ಸದ್ದು ಗಾಡಿಯ ಈ ಕೆಮ್ಮೇ ಇರಬೇಕು. ಹೌದೇ ಎಂದು ನಾನು ಕೇಳಲಿಲ್ಲ, ಬ್ಯಾಟರಿ ಬತ್ತುವವರೆಗೆ ತಿರುಗಿಸಿದೆ.

ನಾವು ವೇರೂಳಿಗೆ ಹೋಗಲಿಲ್ಲ. ಅವಳು ಒಳಗೆ ಹೋಗಿ ಚಹಾ ಮಾಡಿ ತಂದಳು, ಸಕ್ಕರೆ ನನಗೆ ಬೇಕಾದಷ್ಟೇ ಇತ್ತು, ಮುಖ ಮಾತ್ರ ನೋಡಲಿಲ್ಲ. ಸಂಜೆಯ ಎಸ್ಟಿ ಬಸ್ಸಿನಲ್ಲಿ ನಾಸಿಕಕ್ಕೆ ಮರಳಿದೆ. ಜೀಪು ಎಲ್ಲಿ ಎಂದು ಹೆಂಡತಿ ಕೇಳಿದಳು. ಅದರ ತವರಿನಲ್ಲಿ, ಚಂದ್ರಿಯ ಅಂಗಳದಲ್ಲಿದೆ ಎಂದೆ.  ಚಂದ್ರಿಯಿಂದ ಕ್ಷಮಿಸಿದೆ ಎಂದಾಗಲಿ ಕ್ಷಮಿಸಲಿಲ್ಲ ಎಂದಾಗಲಿ ಒಂದು ಅಕ್ಷರವೂ ಬಂದಿಲ್ಲ. ಬರುವುದು ಅಮಾವಾಸ್ಯೆಗೊಂದು ಫೋಟೊ. ತೊಳೆದ ದೇವರ ಹಲಗೆ, ಅವ್ವನ ಚಿತ್ರ, ಅದರ ಮುಂದೆ ಕುಂಕುಮ ಹಚ್ಚಿದ ರೋಟರ್. ನಿರ್ಮಾಲ್ಯ ತೆಗೆಯುವಾಗ ಜೋಪಾನ ಎಂದು ಬರೆಯಲು ಬೆರಳು ಚಡಪಡಿಸುತ್ತದೆ, ತಡೆದುಕೊಳ್ಳುತ್ತೇನೆ. ಮೊನ್ನೆ ಬಂದ ಫೋಟೊದಲ್ಲಿ ಹಲಗೆಯ ಪಕ್ಕದ ಕಿಟಕಿ ತೆರೆದಿತ್ತು. ದೊಡ್ಡದು ಮಾಡಿ ನೋಡಿದೆ. ಅಂಗಳದಲ್ಲಿ ಜೀಪು ನಿಂತ ಹಾಗೇ ನಿಂತಿತ್ತು. ಬಾನೆಟ್ಟಿನ ಮೇಲೆ ಅವ್ವನ ಇಳಕಲ್ ಸೀರೆ ಹಾಸಿ, ಚಂದ್ರಿ ಮೆಣಸಿನಕಾಯಿ ಒಣಗಿಸಿದ್ದಳು.